ಹೊಂಗೆಹುಂಡಿಯ ನಲವತ್ತು ಪಾಸುಗಳು

ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ರೈಲು ಬದನವಾಳು ಮುಟ್ಟುವ ಮೊದಲು ಹೊಂಗೆಹುಂಡಿಯಲ್ಲಿ ಒಂದು ನಿಮಿಷ ನಿಲ್ಲುತ್ತದೆ. ನಿಲ್ದಾಣ ಎಂದು ಅಲ್ಲಿ ಇರುವುದು ಇಷ್ಟೇ: ಹತ್ತಡಿಗೆ ಎಂಟಡಿಯ ಒಂದು ಕೋಣೆ, ಅದಕ್ಕೊಂದು ಕಿಟಕಿ, ಎರಡು ಸಿಮೆಂಟ್ ಬೆಂಚು, ಹಳದಿ ಹಲಗೆಯ ಮೇಲೆ ಮೂರು ಭಾಷೆಯಲ್ಲಿ ಊರಿನ ಹೆಸರು. ಪ್ಲಾಟ್‌ಫಾರಂ ನೆಲದಿಂದ ಒಂದು ಗೇಣು ಎತ್ತರ. ಸ್ಟೇಷನ್ ಮಾಸ್ಟರ್ ಇಲ್ಲ, ಸಿಗ್ನಲ್ ಇಲ್ಲ, ರೈಲ್ವೆಯ ನೌಕರರು ಒಬ್ಬರೂ ಇಲ್ಲ. ಇಂಥ ನಿಲ್ದಾಣಕ್ಕೆ ಹಾಲ್ಟ್ ಎನ್ನುತ್ತಾರೆ. ಟಿಕೆಟ್ ಮಾರುವುದಕ್ಕೆ ಊರಿನವರಲ್ಲೇ ಒಬ್ಬರನ್ನು ಕರಾರಿನ ಮೇಲೆ ಏಜೆಂಟ್ ಎಂದು ಗೊತ್ತುಮಾಡುತ್ತಾರೆ. ಅವರಿಗೆ ಸಂಬಳವಿಲ್ಲ. ಮಾರಿದ ಟಿಕೆಟಿಗೆ ಇಷ್ಟು ಎಂದು ಕಮಿಷನ್ ಸಿಗುತ್ತದೆ.

ಹೊಂಗೆಹುಂಡಿಯ ಏಜೆಂಟ್ ಇಂದ್ರಾಣಿ. ಅವರಿಗೀಗ ಐವತ್ತೆರಡು ವರ್ಷ. ಹಾಲ್ಟಿಗೆ ಬರುವವರಿಗೆಲ್ಲ ಅವರು ಇಂದ್ರಕ್ಕ. ಹದಿಮೂರು ವರ್ಷ ನಾನು ಆ ಹಾಲ್ಟಿನಲ್ಲಿ ಬೆಳಗಿನ ಏಳು ಹದಿನೆಂಟರ ರೈಲು ಹತ್ತಿದ್ದೇನೆ. ಅಷ್ಟು ವರ್ಷಗಳಲ್ಲಿ ಆ ಕಿಟಕಿ ಮುಚ್ಚಿದ್ದನ್ನು ನಾನು ಕಂಡದ್ದು ಎರಡೇ ಸಲ. ಒಮ್ಮೆ ಅವರ ಮಗಳ ಹೆರಿಗೆಯಾದ ದಿನ, ಇನ್ನೊಮ್ಮೆ ಕೊರೊನಾ ಬಂದು ರೈಲುಗಳೇ ನಿಂತಾಗ.

ಇಂದ್ರಾಣಿಯ ತವರು ತಿ. ನರಸೀಪುರದ ಪಕ್ಕದ ಹಳ್ಳಿ. ಹೊಳೆ ಎರಡು ಕೂಡುವ ಆ ಊರಿಗೆ ಬಸ್ಸು ಬೇಕಾದಷ್ಟಿವೆ, ರೈಲು ಇವತ್ತಿಗೂ ಇಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಹೊಂಗೆಹುಂಡಿಗೆ ಬಂದಾಗಲೇ ಅವರು ರೈಲನ್ನು ಹತ್ತಿರದಿಂದ ಕಂಡದ್ದು. “ಮೊದ್ಲ ದಿನ ಅದು ಕೂಗ್ದ ಏಟ್ಗೆ ನಾನು ಎದ್ರಿ ಬಚ್ಚಲಮನೆ ಒಳಕ್ಕೆ ಓಗ್ಬುಟ್ಟಿದ್ದೆ. ನಮ್ಮತ್ತೆ ಬಾಗ್ಲು ಬಡುದ್ರು, ‘ಬಾವ್ವ ಈಚೆಗೆ, ಅದು ಮನೆಗೆ ಬರಕಿಲ್ಲ’ ಅಂತ” ಎಂದು ಈಗಲೂ ನಗುತ್ತಾರೆ.

ಆಗ ಮೀಟರ್ ಗೇಜ್ ಹಳಿ. ಇಂದ್ರಾಣಿಯ ಮಾವ ಚಲುವಯ್ಯ ಹಾಲ್ಟಿನ ಮೊದಲ ಏಜೆಂಟ್. ಊರಿನವರು ಅರ್ಜಿಯ ಮೇಲೆ ಅರ್ಜಿ ಕೊಟ್ಟು ರೈಲು ನಿಲ್ಲಿಸಿಕೊಂಡಾಗ ಅಲ್ಲಿ ಓದುಬರಹ ಬಲ್ಲ, ಬೆಳಗ್ಗೆ ಬೇಗ ಏಳುವ ಮನುಷ್ಯ ಎಂದು ಅವರ ಹೆಸರನ್ನೇ ಕೊಟ್ಟರಂತೆ. ವಯಸ್ಸಾಗುತ್ತ ಚಲುವಯ್ಯನ ಕಣ್ಣು ಮಂಜಾಯಿತು. ಟಿಕೆಟ್ ಮೇಲಿನ ಸಣ್ಣ ಅಂಕಿ ಕಾಣದಾದಾಗ, ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಸೊಸೆ ಪಕ್ಕದಲ್ಲಿ ಕೂತು ನಂಬರು ಓದಿ ಹೇಳತೊಡಗಿದರು. ಆಮೇಲೆ ರಿಜಿಸ್ಟರ್ ಬರೆಯತೊಡಗಿದರು. ಹಳಿ ಅಗಲ ಮಾಡುವ ಕೆಲಸಕ್ಕೆ ರೈಲು ನಿಂತ ವರ್ಷಗಳಲ್ಲಿ ಚಲುವಯ್ಯ ತೀರಿಕೊಂಡರು. ಬ್ರಾಡ್ ಗೇಜ್ ಆಗಿ ಮತ್ತೆ ರೈಲು ಬಂದಾಗ ಏಜೆಂಟ್ ಕೆಲಸಕ್ಕೆ ಅರ್ಜಿ ಕರೆದರು. ಹಾಕಿದವರು ನಾಲ್ಕು ಮಂದಿ. ಹಿಂದಿನ ರಿಜಿಸ್ಟರುಗಳನ್ನು ತೋರಿಸಿ ಎಂದಾಗ ತೋರಿಸಲು ಏನಾದರೂ ಇದ್ದದ್ದು ಇಂದ್ರಾಣಿಯ ಬಳಿ ಮಾತ್ರ.

ಅವರು ಕೆಲಸ ಮಾಡುವ ಕ್ರಮವನ್ನು ಹೇಳಬೇಕು. ಆರೂವರೆಗೆ ಕಿಟಕಿ ತೆಗೆಯುತ್ತಾರೆ. ನಂಜನಗೂಡು ಸ್ಟೇಷನ್ನಿನಿಂದ ತಂದ ಟಿಕೆಟುಗಳನ್ನು ಊರುವಾರು ಜೋಡಿಸಿ, ಪ್ರತಿ ಕಟ್ಟಿನ ಮೊದಲ ನಂಬರನ್ನು ಬರೆದುಕೊಳ್ಳುತ್ತಾರೆ. ಗಿರಾಕಿ ಬಂದು ಊರಿನ ಹೆಸರು ಹೇಳಿದ ಮೇಲೆಯೇ ಟಿಕೆಟಿನ ಬೆನ್ನಿಗೆ ತಾರೀಕಿನ ಮೊಹರು. ಜನ ಜಾಸ್ತಿ ಎಂದು ಮುಂಚೆಯೇ ಮೊಹರು ಒತ್ತಿಡುವ ಅಭ್ಯಾಸವಿಲ್ಲ. ಯಾರು ಯಾವ ಊರಿಗೆ ಹೋಗುತ್ತಾರೆಂದು ಮುಖ ನೋಡಿದರೇ ಗೊತ್ತಿದ್ದರೂ ಕೇಳಿಯೇ ಕೊಡುತ್ತಾರೆ.

ಕರಾರಿನಲ್ಲಿ ಇಲ್ಲದ ಕೆಲಸಗಳೇ ಹೆಚ್ಚು. ಬೋಗಿಯ ಮೆಟ್ಟಿಲು ಮುದುಕಿಯರ ಸೊಂಟದ ಮಟ್ಟಕ್ಕೆ ಇರುವುದರಿಂದ ಒಂದು ಮರದ ಸ್ಟೂಲು ಮಾಡಿಸಿಟ್ಟಿದ್ದಾರೆ. ರೈಲು ನಿಲ್ಲುತ್ತಲೇ ಅದನ್ನು ಯಾವ ಬಾಗಿಲಿಗೆ ಇಡಬೇಕು ಎಂಬುದು ಅವರಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಮರೆತುಹೋದ ಕೊಡೆ, ಊಟದ ಡಬ್ಬಿಗಳಿಗೆ ತಾರೀಕು ಮತ್ತು ರೈಲಿನ ಹೊತ್ತು ಬರೆದ ಚೀಟಿ ಕಟ್ಟಿ ಇಡುತ್ತಾರೆ. ಬೆಳಗ್ಗೆ ಅವರ ಫೋನಿಗೆ ಹತ್ತಾರು ಕರೆ ಬರುತ್ತವೆ.

“ಇಂದ್ರಕ್ಕ, ರೈಲು ಎಲ್ಲದೆ?”

“ಕವಲಂದೆ ಬುಟ್ಟದೆ. ನೀನಿನ್ನೂ ಮನೇಲಿದ್ದೀಯಾ? ಓಡು ಓಡು.”

ಇನ್ನು ಪಾಸಿನ ವಿಷಯ. ದಿನಾ ಓಡಾಡುವವರು ಟಿಕೆಟ್ ಕೊಳ್ಳುವುದಿಲ್ಲ, ತಿಂಗಳ ಅಥವಾ ಮೂರು ತಿಂಗಳ ಪಾಸ್ ತೆಗೆಸುತ್ತಾರೆ. ಹಾಲ್ಟ್ ಏಜೆಂಟ್ ಪಾಸ್ ಕೊಡುವಂತಿಲ್ಲ. ಅದನ್ನು ನಂಜನಗೂಡಿನ ಕೌಂಟರಿನಲ್ಲೇ ತೆಗೆಸಬೇಕು. ಹನ್ನೆರಡು ವರ್ಷದ ಹಿಂದೆ ನಮ್ಮ ಊರಿನ ಪುಟ್ಟಲಕ್ಷ್ಮಿ ನಂಜನಗೂಡಿನ ಗಾರ್ಮೆಂಟ್ಸಿಗೆ ಹೊಲಿಗೆ ಕೆಲಸಕ್ಕೆ ಸೇರಿದಾಗ ಇಂದ್ರಾಣಿಯನ್ನು ಕೇಳಿದ್ದಳು, ಎಲ್ಲಿಂದ ಎಲ್ಲಿಗೆ ಪಾಸ್ ತೆಗೆಸಲಿ ಎಂದು. ಪುಟ್ಟಲಕ್ಷ್ಮಿಯ ತಾಯಿ ಬದನವಾಳಿನಲ್ಲಿದ್ದಳು. ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದ ಮುದುಕಿ, ಒಂಟಿ. ವಾರಕ್ಕೆ ಎರಡು ಸಂಜೆ ಮಗಳು ಹೊಂಗೆಹುಂಡಿಯಲ್ಲಿ ಇಳಿಯದೆ ಬದನವಾಳಿಗೆ ಹೋಗಿ, ಉಳಿದು, ಬೆಳಗಿನ ರೈಲನ್ನು ಅಲ್ಲಿಂದಲೇ ಹತ್ತುತ್ತಿದ್ದಳು. ಇಂದ್ರಾಣಿ ದರದ ಪಟ್ಟಿ ನೋಡಿದರು. ಹೊಂಗೆಹುಂಡಿಯಿಂದಲೂ ಬದನವಾಳಿನಿಂದಲೂ ದರ ಒಂದೇ ಹಂತದಲ್ಲಿತ್ತು.

“ಬದನವಾಳಿಂದ್ಲೇ ತೆಗುಸ್ಕೊ ಕಣೇ. ನಡುವೆ ನಮ್ಮೂರು ಬತ್ತದಲ್ಲ, ಇಲ್ಲೂ ಅತ್ಬೋದು, ಅಲ್ಲೂ ಅತ್ಬೋದು” ಎಂದರು.

ಸರಿಯಾದ ಸಲಹೆ. ನಿಯಮಕ್ಕೂ ಹೊಂದುತ್ತದೆ. ಒಬ್ಬಳಿಗೆ ಹೇಳಿದ್ದನ್ನು ಇನ್ನೊಬ್ಬಳು ಕೇಳಿದಳು, ಆಮೇಲೆ ಎಲ್ಲರೂ ಕೇಳಿದರು. ಬದನವಾಳಿನಲ್ಲಿ ನೆಂಟರಿದ್ದವರಿಗೆ ಅನುಕೂಲವಾಯಿತು. ಇಲ್ಲದವರೂ, ಒಂದೇ ದರಕ್ಕೆ ಒಂದು ಊರು ಜಾಸ್ತಿ ಬರುವುದಾದರೆ ಬಿಡುವುದೇಕೆ ಎಂದು ಹಾಗೆಯೇ ತೆಗೆಸಿದರು. ಕೌಂಟರಿನಲ್ಲಿ “ಬದನವಾಳು ಪಾಸ್” ಎಂದರೆ ಸಾಕಾಗುತ್ತಿತ್ತು. ಹೋದ ವರ್ಷದ ಹೊತ್ತಿಗೆ ನಮ್ಮ ಹಾಲ್ಟಿನಲ್ಲಿ ಪಾಸ್ ಇದ್ದವರು ಅರವತ್ತೊಂದು ಮಂದಿ. ಹೊಂಗೆಹುಂಡಿ ಎಂಬ ಹೆಸರು ಆ ಪಾಸುಗಳಲ್ಲಿ ಒಂದರ ಮೇಲೂ ಇರಲಿಲ್ಲ. ನನ್ನ ಪಾಸಿನ ಮೇಲೂ.

ಹೋದ ವರ್ಷ ಜನವರಿಯ ಎರಡನೆಯ ವಾರ, ಏಳು ಗಂಟೆಗೆ ಮುಂಚೆ, ರೈಲ್ವೆಯ ವಾಣಿಜ್ಯ ಇನ್‌ಸ್ಪೆಕ್ಟರ್ ಕೃಷ್ಣಕುಮಾರ್ ಬೈಕಿನಲ್ಲಿ ಬಂದರು. ನಡು ವಯಸ್ಸಿನವರು, ಚಳಿಗೆ ಮಫ್ಲರ್ ಸುತ್ತಿದ್ದರು. ಇಂದ್ರಾಣಿ ಒಳಗಿನಿಂದ ಕುರ್ಚಿ ತಂದು ಹಾಕಿದರು. ಅವರು ರಿಜಿಸ್ಟರ್ ತಿರುವಿ ನೋಡಿದರು, ಟಿಕೆಟ್ ನಂಬರು ತಾಳೆ ಹಾಕಿದರು. ಒಂದು ತಪ್ಪೂ ಸಿಗಲಿಲ್ಲ.

“ಲೆಕ್ಕ ಚೊಕ್ಕಟವಾಗಿದೆ ಅಮ್ಮ. ಆದರೆ ದಿನಕ್ಕೆ ಸರಾಸರಿ ಹದಿನೇಳು ಟಿಕೆಟ್.”

“ಊಂ ಸಾ. ಸೋಮ್ವಾರ ವಸಿ ಜಾಸ್ತಿ. ಜನ ನಂಜುಂಡೇಶ್ವರನ್ನ ನೋಡಕೆ ಓಯ್ತರೆ.”

“ಸಣ್ಣ ಹಾಲ್ಟುಗಳನ್ನೆಲ್ಲ ಈ ಸಲ ಪರಿಶೀಲನೆ ಮಾಡ್ತಿದ್ದಾರೆ. ದಿನಕ್ಕೆ ಐವತ್ತು ಜನವಾದ್ರೂ ಹತ್ತಬೇಕು ಅಂತ ಸೂಚನೆ ಬಂದಿದೆ. ಇಲ್ಲಾಂದ್ರೆ ನಿಲುಗಡೆ ತೆಗೀತಾರೆ. ಏಪ್ರಿಲ್ ತಿಂಗಳ ಅಂಕಿ ನೋಡಿ ತೀರ್ಮಾನ. ನಿಮಗೆ ಮೊದಲೇ ತಿಳಿಸೋಣ ಅಂತ ಬಂದೆ.”

ಇಂದ್ರಾಣಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜನ ಬರತೊಡಗಿದರು. ಗಾರ್ಮೆಂಟ್ಸಿನ ಹೆಂಗಸರು, ಕಾರ್ಖಾನೆಯ ಪಾಳಿಯವರು, ಕಾಲೇಜಿನವರು. ರೈಲು ಬರುವ ಹೊತ್ತಿಗೆ ಎಪ್ಪತ್ತು ಎಪ್ಪತ್ತೈದು ಜನ ಹತ್ತುವವರಿದ್ದರು. ಕೃಷ್ಣಕುಮಾರ್ ಕುರ್ಚಿಯಿಂದ ಎದ್ದು ನಿಂತರು.

“ಇವರೆಲ್ಲ ಯಾರು?”

“ಪಾಸ್ನೋರು ಸಾ.”

ಪಕ್ಕದಲ್ಲಿದ್ದ ಮಂಟೇಸ್ವಾಮಿಯ ಕಡೆಗೆ ಅವರು ಕೈ ಚಾಚಿದರು. ಮಂಟೇಸ್ವಾಮಿ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ. ತಾನು ದಿನಾ ಬೇರೆಯವರ ಗುರುತಿನ ಚೀಟಿ ಕೇಳುವವನು, ತನ್ನದನ್ನು ಕೇಳಿದ್ದಕ್ಕೆ ಗಾಬರಿಯಾಗಿ ಪಾಸಿನ ಜೊತೆ ಆಧಾರ್ ಕಾರ್ಡನ್ನೂ ತೆಗೆದು ಕೊಟ್ಟ. ಕೃಷ್ಣಕುಮಾರ್ ಪಾಸ್ ಓದಿದರು, ಇನ್ನೂ ಇಬ್ಬರದನ್ನು ಕೇಳಿ ಓದಿದರು, ಮರಳಿಸಿದರು. ರೈಲು ಹೊರಟು ಪ್ಲಾಟ್‌ಫಾರಂ ಖಾಲಿಯಾದ ಮೇಲೆ ಹೇಳಿದರು:

“ಕಾಗದದ ಮೇಲೆ ಇವರೆಲ್ಲ ಬದನವಾಳಿನವರು ಕಣಮ್ಮ. ನಿಮ್ಮ ಹಾಲ್ಟಿನಲ್ಲಿ ಹತ್ತಿದವರು ಅಂತ ಒಬ್ಬರೂ ಲೆಕ್ಕಕ್ಕೆ ಬರಲ್ಲ.”

ಈ ಮಾತನ್ನು ಇಂದ್ರಾಣಿ ಆಮೇಲೆ ನನಗೆ ಹೇಳಿದ್ದು. ಕೇಳಿದಾಗ ಕೈಯಲ್ಲಿದ್ದ ಸ್ಟೂಲನ್ನು ಕೆಳಗಿಡುವುದೂ ಮರೆತುಹೋಗಿತ್ತಂತೆ.

“ಅಂಗೆ ತೆಗುಸ್ಕೊಳ್ಳಿ ಅಂತ ಯೋಳ್ಕೊಟ್ಟೋಳು ನಾನೇ ಸಾ.”

ಕೃಷ್ಣಕುಮಾರ್ ತಪ್ಪೇನೂ ಇಲ್ಲ, ನಿಯಮದ ಪ್ರಕಾರ ಸರಿಯೇ ಎಂದರು. ಪಾಸನ್ನು ಹೇಗೆ ಲೆಕ್ಕ ಹಿಡಿಯುತ್ತಾರೆ ಎಂದು ಇಂದ್ರಾಣಿ ಕೇಳಿದರು. ತಿಂಗಳ ಪಾಸ್ ಒಂದಕ್ಕೆ ಐವತ್ತು ಪ್ರಯಾಣ, ಹೋಗುವುದು ಇಪ್ಪತ್ತೈದು, ಬರುವುದು ಇಪ್ಪತ್ತೈದು ಎಂದು ಅವರು ವಿವರಿಸಿದರು. ಇಂದ್ರಾಣಿ ರಿಜಿಸ್ಟರಿನ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲ್ ಆಡಿಸಿದರು. ಐವತ್ತರಲ್ಲಿ ಹದಿನೇಳು ಹೋದರೆ ಮೂವತ್ತಮೂರು. ಒಂದು ಪಾಸಿಗೆ ಇಲ್ಲಿಂದ ಹತ್ತುವುದು ಮೂವತ್ತು ದಿನಕ್ಕೆ ಇಪ್ಪತ್ತೈದು ಸಲ.

“ನಲವತ್ತು ಪಾಸ್ ಬೇಕು ಸಾ” ಎಂದರು.

ಕೃಷ್ಣಕುಮಾರ್ ಫೋನಿನಲ್ಲಿ ಅದನ್ನೇ ಮತ್ತೆ ಲೆಕ್ಕ ಮಾಡಿ ನೋಡಿ, ಹೌದು ಎಂದು ತಲೆಯಾಡಿಸಿದರು. ಹೊರಡುವಾಗ ಬೈಕ್ ಹತ್ತಿ ಕೂತವರು ಮತ್ತೆ ಇಳಿದು ಬಂದು, “ಜನಕ್ಕೆ ಹೇಳಿ ಅಮ್ಮ. ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?” ಎಂದು ಹೋದರು.

ಇಂದ್ರಾಣಿ ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ.

ನಮಗೆ ಏನೋ ಬದಲಾಗಿದೆ ಎಂದಷ್ಟೇ ಕಾಣುತ್ತಿತ್ತು. ಟಿಕೆಟ್ ಕೊಡುವಾಗ ಊರಿನ ಹೆಸರು ಎರಡು ಸಲ ಕೇಳುತ್ತಿದ್ದರು. ರೈಲು ಎಲ್ಲಿದೆ ಎಂದವರಿಗೆ ಬರೀ “ಬತ್ತದೆ” ಎಂದು ಫೋನ್ ಇಡುತ್ತಿದ್ದರು. ನಿಲುಗಡೆ ಹೋದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಬಸ್ಸು ಹಿಡಿಯಲು ಮೂರು ಕಿಲೋಮೀಟರು ನಡೆದು ದೊಡ್ಡ ರಸ್ತೆಗೆ ಹೋಗಬೇಕು. ಎಂಟು ಗಂಟೆಯ ಪಾಳಿಗೆ ಆ ಬಸ್ಸು ಸರಿಹೊಂದುವುದಿಲ್ಲ. ಗಾರ್ಮೆಂಟ್ಸಿನ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯವರು ಕೆಲಸಕ್ಕೆ ಕಳಿಸುತ್ತಿದ್ದದ್ದೇ ಊರ ಮುಂದೆ ಹತ್ತಿ ಊರ ಮುಂದೆ ಇಳಿಯಬಹುದು ಎಂಬ ಕಾರಣಕ್ಕೆ. ಇದೆಲ್ಲ ಗೊತ್ತಿದ್ದೂ ಅವರಿಗೆ ಬಾಯಿ ಬರಲಿಲ್ಲ.

ಹದಿಮೂರನೆಯ ದಿನ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಕಿಟಕಿಗೆ ಬಂದು, “ಇಂದ್ರಕ್ಕ, ಪಾಸು ಎಲ್ಲಿಂದ ತೆಗುಸ್ಲಿ?” ಎಂದು ಕೇಳಿದಳು. ಇಂದ್ರಾಣಿ ಮೊಹರನ್ನು ಎತ್ತಿದರು, ಇಟ್ಟರು. ಹಿಂದೆ ನಿಂತಿದ್ದ ಪುಟ್ಟಲಕ್ಷ್ಮಿ ಕಿಟಕಿಗೆ ಮುಖವಿಟ್ಟಳು.

“ಯಾಕಕ್ಕ? ಬದನವಾಳಿಂದ ಅಂತ ಯೋಳು. ಅದೇನು ಒಸಾ ವಿಷ್ಯವಾ?”

“ಬ್ಯಾಡ ಕಣೇ ಪುಟ್ಟಿ.”

“ಏನ್ ಬ್ಯಾಡ?”

“ಬದನವಾಳು ಬ್ಯಾಡ.” ಅಷ್ಟು ಹೇಳಿ ಇಂದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲವನ್ನೂ ಹೇಳಿದರು. ರೈಲಿಗೆ ಇನ್ನೂ ಒಂಬತ್ತು ನಿಮಿಷವಿತ್ತು. ಕಿಟಕಿಯ ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದೆವು.

“ಇದ್ನ ಯೋಳಕೆ ಅನ್ನೆಲ್ಡು ದಿನ ಬೇಕಾಯ್ತಾ ನಿಂಗೆ?” ಎಂದಳು ಪುಟ್ಟಲಕ್ಷ್ಮಿ.

“ಎಂಗೆ ಯೋಳ್ಲೇ? ಅನ್ನೊಂದು ವರ್ಸ ನಾನೇ ಅಂಗ್ ಮಾಡಿ ಅಂದೆ. ಈಗ ನನ್ ಹಾಲ್ಟ್ ಉಳೀಬೇಕು, ನೀವೆಲ್ಲ ಇಂಗ್ ಮಾಡಿ ಅನ್ಲಾ? ನೀನು ವಾರಕ್ಕೆಲ್ಡು ಸಲ ನಿಮ್ಮವ್ವನ ತಾವ್ಕೆ ಓಯ್ತೀಯ. ನಿಂಗೆ ಎಂಗೆ ಬ್ಯಾಡ ಅನ್ನದು?”

“ನಿನ್ ಹಾಲ್ಟಂತೆ! ನಿಮ್ ಮಾವ ಕಟ್ಟುಸ್ಬುಟ್ಟವ್ನಾ ಇದ್ನ?” ಎಂದು ಪುಟ್ಟಲಕ್ಷ್ಮಿ ಗದರಿದಳು. “ನಾವತ್ತೋ ಜಾಗ ಕಣಕ್ಕ ಇದು.”

ಅವತ್ತು ಬೋಗಿಯೊಳಗೆ ಬೇರೆ ಮಾತೇ ಇಲ್ಲ. ಮಂಟೇಸ್ವಾಮಿ ಬಾಗಿಲ ಕಂಬಿ ಹಿಡಿದು ನಿಂತು, “ಅಲ್ಲ ಕಣ್ರಪ್ಪ, ಇಷ್ಟ್ ದಿನ ಇಂದ್ರಕ್ಕ ನಮ್ನೆಲ್ಲ ಬದನವಾಳಿಗೆ ದತ್ತು ಕೊಟ್ಬುಟ್ಟಿದ್ಲಾ?” ಎಂದ. ಎಲ್ಲರೂ ನಕ್ಕರು. ಆದರೆ ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಒಬ್ಬರು, ಸ್ಟಾಪ್ ತೆಗೆದರೆ ಕಂಪನಿಯವರು ವ್ಯಾನ್ ಬಿಡಬಹುದು ಎಂದರು. ಇನ್ನೊಬ್ಬರು, ಇವೆಲ್ಲ ಹೆದರಿಸುವ ಮಾತು, ರೈಲು ಎಲ್ಲೂ ಹೋಗುವುದಿಲ್ಲ ಎಂದರು. ಮೂರು ತಿಂಗಳ ಪಾಸನ್ನು ಅದೇ ವಾರ ತೆಗೆಸಿದ್ದವರಿಗೆ ಮನಸ್ಸಿದ್ದರೂ ದಾರಿಯಿರಲಿಲ್ಲ. ಅವರ ಪಾಸ್ ಮುಗಿಯುವುದು ಏಪ್ರಿಲ್ ಕಳೆಯುವ ಹೊತ್ತಿಗೆ.

ಮೊದಲು ಹೋದವಳು ಪುಟ್ಟಲಕ್ಷ್ಮಿಯೇ. ಎರಡು ದಿನ ಬಿಟ್ಟು ಅವಳ ಪಾಸ್ ಮುಗಿಯಿತು. ನಂಜನಗೂಡಿನ ಕೌಂಟರಿನಲ್ಲಿ ಹೊಂಗೆಹುಂಡಿ ಎಂದಳು. ಹೊಸದಾಗಿ ಬಂದಿದ್ದ ಗುಮಾಸ್ತರಿಗೆ ಆ ಹೆಸರು ಗೊತ್ತಿರಲಿಲ್ಲ. ಕೋಡ್ ಹೇಳಿ ಎಂದರು. ಹಿಂದೆ ಉದ್ದ ಸಾಲು. ಅವಳು ಬರಿಗೈಯಲ್ಲಿ ಬಂದಳು. ಮರುದಿನ ಇಂದ್ರಾಣಿ ಮೂವತ್ತು ಚೀಟಿ ಬರೆದಿಟ್ಟಿದ್ದರು. ಪ್ರತಿ ಚೀಟಿಯಲ್ಲೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಊರಿನ ಹೆಸರು, ಅದರ ಕೆಳಗೆ ಸ್ಟೇಷನ್ ಕೋಡ್, ದುಂಡನೆಯ ಅಕ್ಷರದಲ್ಲಿ. ಪಾಸ್ ಮುಗಿಯುವ ದಿನ ಹತ್ತಿರ ಬಂದವರಿಗೆ ಕೊಡುತ್ತಿದ್ದರು. ಕೊಡುವಾಗ ಪ್ರತಿಯೊಬ್ಬರಿಗೂ ಒಂದೇ ಮಾತು: “ಬದನವಾಳ್ಗೆ ಓಗೋ ಕೆಲ್ಸ ಜಾಸ್ತಿ ಇದ್ರೆ ಬ್ಯಾಡಪ್ಪ. ಇಲ್ದಿದ್ರೆ ಇದ್ರಲ್ಲಿ ತೆಗುಸು.” ಬಲವಂತ ಮಾಡಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಗೋಡೆಗೆ ಒಂದು ಹಾಳೆ ಅಂಟಿಸಿದರು. ಹೊಸ ಪಾಸ್ ತಂದು ತೋರಿಸಿದವರ ಲೆಕ್ಕಕ್ಕೆ ಒಂದು ಗೀಟು, ಐದಕ್ಕೆ ಒಂದು ಅಡ್ಡಗೀಟು. ನಾವು ಟಿಕೆಟ್ ಬೇಕಿಲ್ಲದಿದ್ದರೂ ಕಿಟಕಿಯ ಮುಂದೆ ಹಾದು ಆ ಹಾಳೆ ನೋಡಿ ಹೋಗುವುದು ರೂಢಿಯಾಯಿತು.

ಪುಟ್ಟಲಕ್ಷ್ಮಿಗೆ ಈಗ ಬದನವಾಳಿಗೆ ಬೇರೆ ಟಿಕೆಟ್ ಬೇಕಾಯಿತು. ಅದನ್ನು ಅವಳು ನಂಜನಗೂಡಿನಲ್ಲಿ ಕೊಳ್ಳಲಿಲ್ಲ. ಅಲ್ಲಿ ಕೊಂಡರೆ ಲೆಕ್ಕ ಅಲ್ಲಿಗೆ ಸೇರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ರೈಲು ಹೊಂಗೆಹುಂಡಿಯಲ್ಲಿ ನಿಂತ ಕೂಡಲೇ ಮೂರನೆಯ ಬೋಗಿಯಿಂದ ಇಳಿದು ಕಿಟಕಿಗೆ ಓಡುತ್ತಿದ್ದಳು, ಟಿಕೆಟ್ ಹಿಡಿದು ಮತ್ತೆ ಓಡಿ ಹತ್ತುತ್ತಿದ್ದಳು. ಒಂದು ನಿಮಿಷದೊಳಗೆ. ಮೊದಲ ಶುಕ್ರವಾರ ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಮಂಟೇಸ್ವಾಮಿ ಅದನ್ನು ಎತ್ತಿ ಬೋಗಿಯೊಳಗೆ ಎಸೆದ. ಅದರ ಮುಂದಿನ ವಾರದಿಂದ ಇಂದ್ರಾಣಿ ಒಂದು ವ್ಯವಸ್ಥೆ ಮಾಡಿದರು. ಪುಟ್ಟಲಕ್ಷ್ಮಿ ನಂಜನಗೂಡು ಬಿಡುವಾಗ ಫೋನ್ ಮಾಡಿ “ಬದನವಾಳು ಒಂದು” ಎನ್ನುವಳು. ಊರಿನ ಹೆಸರು ಕೇಳಿದ ಮೇಲೆಯೇ ಮೊಹರು ಎಂಬ ಕ್ರಮಕ್ಕೆ ಭಂಗವಿಲ್ಲ. ರೈಲು ಬಂದಾಗ ಇಂದ್ರಾಣಿ ಟಿಕೆಟ್ ಹಿಡಿದು ಮೂರನೆಯ ಬೋಗಿಯ ಬಾಗಿಲು ನಿಲ್ಲುವ ಕಡೆ ನಿಂತಿರುತ್ತಿದ್ದರು. ಇದನ್ನು ನೋಡಿ ಬದನವಾಳಿಗೆ ಆಗಾಗ ಹೋಗುವ ಇನ್ನೂ ನಾಲ್ಕೈದು ಮಂದಿ ಹಾಗೆಯೇ ಮಾಡಿದರು.

ಮಾರ್ಚ್ ಇಪ್ಪತ್ತೆಂಟಕ್ಕೆ ಹಾಳೆಯಲ್ಲಿ ಮೂವತ್ತಾರು ಗೀಟು. ಪಾಸ್ ಬದಲಾಯಿಸಬಹುದಾದವರದೆಲ್ಲ ಆಗಿತ್ತು. ಉಳಿದ ಇಪ್ಪತ್ತೈದು ಪಾಸುಗಳಲ್ಲಿ ಬಹಳಷ್ಟು ಮೂರು ತಿಂಗಳಿನವು, ಅವಧಿ ಇನ್ನೂ ಇದ್ದವು. ಇಂದ್ರಾಣಿ ಹಾಳೆಯ ಕಡೆ ನೋಡುವುದನ್ನು ಬಿಟ್ಟಿದ್ದರು. ಆಗಿದ್ದಷ್ಟು ಆಯಿತು, ಮೂವತ್ತಾರು ಜನ ಮಾಡಿದ್ದೇ ದೊಡ್ಡದು ಎಂದು ನನ್ನೊಡನೆ ಹೇಳಿದರು.

ಮರುದಿನ ಬೆಳಗ್ಗೆ ಜವರಯ್ಯ ಕಿಟಕಿಗೆ ಬಂದರು. ನಂಜನಗೂಡಿನ ಎಪಿಎಂಸಿಯಲ್ಲಿ ತೂಕದ ಕೆಲಸ ಮಾಡುವವರು, ಅರವತ್ತರ ಹತ್ತಿರದ ವಯಸ್ಸು. ಎರಡು ಪಾಸುಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಒಂದು ಬದನವಾಳಿನದು, ಮೂರು ತಿಂಗಳಿನದು, ಜನವರಿ ಕೊನೆಗೆ ತೆಗೆಸಿದ್ದು, ಇನ್ನೂ ಒಂದು ತಿಂಗಳು ಬಾಕಿ ಇತ್ತು. ಇನ್ನೊಂದು ಹೊಂಗೆಹುಂಡಿಯದು, ಒಂದು ತಿಂಗಳಿನದು, ಹಿಂದಿನ ಸಂಜೆ ತೆಗೆಸಿದ್ದು.

ಇಂದ್ರಾಣಿಗೆ ಸಿಟ್ಟು ಬಂತು. “ಏನ್ ಜವರಣ್ಣ, ನಿಂಗೆ ಬುದ್ಧಿ ಅದಾ? ಒಂದು ಮೈಗೆ ಎಲ್ಡು ಪಾಸಾ?”

“ಗೀಟಾಕು.”

“ಆಕಕಿಲ್ಲ. ಓಗಿ ವಾಪಸ್ ಕೊಡು ಇದ್ನ.”

“ಇಂದ್ರವ್ವ, ಕೇಳಿಲ್ಲಿ. ನಮ್ಮವ್ವನ್ನ ಮೈಸೂರಾಸ್ಪತ್ರೆಗೆ ಅನ್ನೊಂದು ಸಲ ಇದೇ ರೈಲಲ್ಲಿ ಕರ್ಕೊಂಡೋದೆ. ಅನ್ನೊಂದು ಸಲನೂ ನೀನು ಸ್ಟೂಲ್ ಮಡುಗ್ದೆ. ಮಡುಗು ಅಂತ ನಾನು ಯೋಳಿದ್ನಾ? 'ಬುದ್ಧಿ ಅದಾ' ಅಂತ ಕೇಳಿದ್ನಾ? ಈಗ ನಾನೊಂದು ಪಾಸ್ ಮಡುಗ್ತೀನಿ. ನೀನು ಗೀಟಾಕು, ಅಷ್ಟೇಯ.”

ಇಂದ್ರಾಣಿ ಗೀಟು ಹಾಕಿದರು. ಅದು ಸ್ವಲ್ಪ ಸೊಟ್ಟಗಾಯಿತು.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮಂಟೇಸ್ವಾಮಿ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ. ಅವನದೂ ಮೂರು ತಿಂಗಳ ಪಾಸ್. ಸಂಜೆ ಇಳಿದಾಗ ಅವನ ಕೈಯಲ್ಲಿ ಹೊಸದೊಂದು ಇತ್ತು. “ನಂದೂ ಎಲ್ಡು ಪಾಸು. ಒಂದು ನಂಗೆ, ಒಂದು ನನ್ ಒಟ್ಟೆಗೆ” ಎಂದು ಕಿಟಕಿಯಲ್ಲಿ ತೂರಿದ. ಮಾರ್ಚ್ ಮೂವತ್ತೊಂದರ ರಾತ್ರಿಯೊಳಗೆ ಇನ್ನೂ ಮೂವರು ಹಾಗೆಯೇ ಮಾಡಿದರು. ಅದರಲ್ಲಿ ಒಬ್ಬರು, ಕಂಪನಿಯ ವ್ಯಾನ್ ಬರುತ್ತದೆ ಎಂದಿದ್ದವರು. ಹಾಳೆಯಲ್ಲಿ ನಲವತ್ತೊಂದು ಗೀಟಾದವು.

ಏಪ್ರಿಲ್ ಪೂರ್ತಿ ಇಂದ್ರಾಣಿ ಎಂದಿನಂತೆ ಕೆಲಸ ಮಾಡಿದರು. ಟಿಕೆಟ್ ಮಾರಾಟವೂ ಹದಿನೇಳರಿಂದ ಇಪ್ಪತ್ತೆರಡಕ್ಕೆ ಬಂದಿತ್ತು. ಬದನವಾಳಿಗೆ ಹೋಗುವವರೆಲ್ಲ ಈಗ ಅವರ ಕಿಟಕಿಯಲ್ಲೇ ಕೊಳ್ಳುತ್ತಿದ್ದರಲ್ಲ. ಯಾರಾದರೂ ಏನಾಯಿತು ಎಂದು ಕೇಳಿದರೆ, “ತಿಂಗ್ಳು ಮುಗೀಲಿ” ಎನ್ನುತ್ತಿದ್ದರು.

ಮೇ ಮೂರನೆಯ ವಾರ ಕೃಷ್ಣಕುಮಾರ್ ಬೈಕಿನಲ್ಲಿ ಬಂದರು. ಕಾಗದವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ತಾವೇ ತಂದರು. ಏಳು ಗಂಟೆ ಐದು ನಿಮಿಷ, ಹತ್ತುವವರೆಲ್ಲ ಬಂದು ಸೇರಿದ್ದರು. ಏಪ್ರಿಲ್ ತಿಂಗಳ ಸರಾಸರಿ ದಿನಕ್ಕೆ ಐವತ್ತಾರು ಎಂದು ಅವರು ಹೇಳಿದರು. ಇಂದ್ರಾಣಿ ಕಾಗದ ತೆಗೆದುಕೊಂಡು ಮೊದಲು ತಾವು ಓದಿದರು. ಆಮೇಲೆ ಕೋಣೆಯಿಂದ ಹೊರಗೆ ಬಂದು ಬೆಂಚಿನ ಪಕ್ಕ ನಿಂತು ನಮಗೆ ಓದಿ ಹೇಳಿದರು. ಹೊಂಗೆಹುಂಡಿ ಹಾಲ್ಟಿನಲ್ಲಿ ರೈಲುಗಳ ನಿಲುಗಡೆಯನ್ನು ಪ್ರಾಯೋಗಿಕವಾಗಿ ಇನ್ನೂ ಆರು ತಿಂಗಳು ಮುಂದುವರಿಸಲಾಗಿದೆ, ಅಷ್ಟೇ ಅದರ ಒಕ್ಕಣೆ.

ಪುಟ್ಟಲಕ್ಷ್ಮಿ ಹೋಗಿ ಇಂದ್ರಾಣಿಯ ಎರಡೂ ಕೈ ಹಿಡಿದುಕೊಂಡಳು. ಇಂದ್ರಾಣಿ ಜವರಯ್ಯನನ್ನು ಹುಡುಕಿ ನೋಡಿ, ಆಮೇಲೆ ಎಲ್ಲರ ಕಡೆಗೂ ತಿರುಗಿ, “ನೀವೆಲ್ಲ ತಂಪಾಗಿರಿ ಕಣ್ರಪ್ಪ” ಎಂದರು. ಇಷ್ಟು ವರ್ಷ ಅವರಿಂದ ಪಡೆದದ್ದಕ್ಕೆ ನಾವು ಹೇಳಬೇಕಾಗಿದ್ದ ಮಾತನ್ನು ಅವರೇ ನಮಗೆ ಹೇಳುತ್ತಿದ್ದರು. ಹದಿಮೂರು ವರ್ಷದಲ್ಲಿ ನಾನು ಅದನ್ನು ಅವರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅವತ್ತು ಹೇಳಿದೆ. ಅವರು ಕೇಳಿಸಲಿಲ್ಲವೇನೋ ಎಂಬಂತೆ ಕಾಗದ ಮಡಿಸತೊಡಗಿದರು.

ಮಂಟೇಸ್ವಾಮಿಗೆ ಸಮಾಧಾನವಾಗಿರಲಿಲ್ಲ. ಕೃಷ್ಣಕುಮಾರ್ ಅವರಿಗೂ ಕೇಳಲಿ ಎಂದೇ ಗಟ್ಟಿಯಾಗಿ, “ಅಲ್ಲ ಇಂದ್ರಕ್ಕ, ಇಷ್ಟೆಲ್ಲ ಮಾಡಿದ್ಕೆ ಬರೀ ಆರು ತಿಂಗ್ಳಾ? ಆಮೇಕೆ ಏನು ಗತಿ?” ಎಂದ.

ಇಂದ್ರಾಣಿ ಒಳಗೆ ಹೋಗಿ ಮಾವನ ಕಾಲದ ತಗಡಿನ ಪೆಟ್ಟಿಗೆ ತೆರೆದರು. ಕಿಟಕಿಯಲ್ಲಿ ಒಂದು ದಪ್ಪ ಕಡತವನ್ನು ಎತ್ತಿ ತೋರಿಸಿದರು. ಒಳಗಿನ ಹಾಳೆಗಳು ಕೆಳಕೆಳಗೆ ಹೋದಂತೆ ಹಳದಿಯಾಗಿದ್ದವು.

“ನೋಡ್ಲಾ ಮಂಟೇ. ನಮ್ ಮಾವನ ಕಾಲ್ದಿಂದ್ಲೂ ಬತ್ತಿರಾದು ಇದೇ ಕಾಗ್ದ. ಆರು ತಿಂಗ್ಳು, ಆರು ತಿಂಗ್ಳು, ಆರು ತಿಂಗ್ಳು. ನಡುವೆ ಹಳಿ ಕಿತ್ತಾಕಿದ್ದು ಬುಟ್ರೆ, ಇಂಗೇ ನಲವತ್ತು ವರ್ಸ ಆಯ್ತು.”

ಕೃಷ್ಣಕುಮಾರ್ ಮಫ್ಲರ್ ಇಲ್ಲದ ಕುತ್ತಿಗೆ ಸವರಿಕೊಂಡು ಜೋರಾಗಿ ನಕ್ಕುಬಿಟ್ಟರು. ಇಂದ್ರಾಣಿ ಹೊಸ ಕಾಗದವನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ, ದಾರ ಕಟ್ಟಿ, ಪೆಟ್ಟಿಗೆ ಮುಚ್ಚಿದರು. ಕಿಟಕಿಯ ಮುಂದೆ ಆಗಲೇ ಐದು ಜನ ಸಾಲು ನಿಂತಿದ್ದರು. ಎಲ್ಲಿಗೆ ಎಂದು ಮೊದಲನೆಯವರನ್ನು ಕೇಳಿದರು. ನಂಜನಗೂಡಿಗೆ ಎರಡು ಎಂದರು ಅವರು.